ಓದುಗರ ಪ್ರಶ್ನೆ, ಮಾಷ್ಟ್ರ ಉತ್ತರ: ನಮ್ಮ ಸುರಂಗ ಇಂಗ್ಲಿಷ್ ಡಿಕ್ಷನರಿಗೆ ಸೇರೀತೇ?

ಪ್ರಶ್ನೆ: ಮಾಷ್ಟ್ರೇ, ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಅಜ್ಜನ ಕಾಲದ ಸುರಂಗ ಇದೆ. ಈಗಲೂ ಅದರದ್ದೇ ನೀರು ಕುಡಿಯುತ್ತೇವೆ. ಇಂಗ್ಲಿಷ್ ಪ್ರಬಂಧದಲ್ಲಿ ಅದನ್ನು ಸುರಂಗ ಎಂದೇ ಬರೆದೆ. ಡಿಕ್ಷನರಿಯಲ್ಲಿ ಇಲ್ಲದ ಶಬ್ದ ಬರೆಯಬಾರದು, ಟನಲ್ ಎಂದು ಬರೆ ಎಂದು ಅಂಕ ಕಳೆದರು. ಡಿಕ್ಷನರಿಗೆ ಹೊಸ ಶಬ್ದ ಸೇರಿಸುವುದು ಯಾರು? ನಾವು ಅರ್ಜಿ ಹಾಕಬಹುದೇ?
– ಹತ್ತನೇ ತರಗತಿ ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಮಗಳೇ, ನಿನ್ನ ಕಾಗದವನ್ನು ಮೂರು ಸಲ ಓದಿದೆ. ನೀನು ಬರೆದದ್ದು ತಪ್ಪಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಟನಲ್ ಎಂದ ಕೂಡಲೇ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರುವ ರೈಲಿನ ದಾರಿ ನೆನಪಾಗುತ್ತದೆ. ನಮ್ಮ ಸುರಂಗಕ್ಕೆ ಬಾಯಿ ಒಂದೇ. ಮುರಕಲ್ಲಿನ ಗುಡ್ಡೆಯನ್ನು ಅಡ್ಡಕ್ಕೆ ಕೊರೆದುಕೊಂಡು ಹೋಗುತ್ತಾರೆ. ಒಬ್ಬ ಮನುಷ್ಯ ಬಗ್ಗಿಕೊಂಡು ಪಿಕ್ಕಾಸು ಬೀಸುವಷ್ಟೇ ಜಾಗ. ಪಕ್ಕದಲ್ಲಿ ಒಂದು ಮೇಣದ ಬತ್ತಿ. ಬತ್ತಿ ನಂದಿತು ಎಂದರೆ ಒಳಗೆ ಉಸಿರಾಡಲು ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು. ಒಮ್ಮೆ ನೀರು ಸಿಕ್ಕಿದರೆ ಮತ್ತೆ ಸೇದುವ ಕೆಲಸವೇ ಇಲ್ಲ. ತಾನಾಗಿ ಹರಿದು ಬರುತ್ತದೆ. ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಸುರಂಗದ ನೀರು ಬರುತ್ತಿತ್ತು. ದಂಬೆಯ ತುದಿಗೆ ಬಾಯಿ ಕೊಟ್ಟು ಕುಡಿದವನು ನಾನು. ಅದನ್ನು ಟನಲ್ ಎಂದು ಬರೆದರೆ ಓದಿದವರಿಗೆ ಏನು ತಿಳಿಯುತ್ತದೆ?

ಇನ್ನು ನಿನ್ನ ಪ್ರಶ್ನೆಗೆ ಬರೋಣ. ಇಂಗ್ಲಿಷಿಗೆ ಯಜಮಾನರು ಎಂದು ಯಾರೂ ಇಲ್ಲ. ಫ್ರೆಂಚ್ ಭಾಷೆಗೆ 1635ರಲ್ಲೇ ಒಂದು ಅಕಾಡೆಮಿ ಹುಟ್ಟಿಕೊಂಡಿತು. ಯಾವ ಶಬ್ದ ಸರಿ, ಯಾವುದು ಬೇಡ ಎಂದು ಅದು ಇವತ್ತಿಗೂ ಹೇಳುತ್ತದೆ. ಇಂಗ್ಲಿಷಿಗೆ ಅಂಥದ್ದಿಲ್ಲ. ಆಕ್ಸ್‌ಫರ್ಡ್, ಮೆರಿಯಮ್-ವೆಬ್‌ಸ್ಟರ್, ಕಾಲಿನ್ಸ್ ಎಲ್ಲ ಬೇರೆ ಬೇರೆ ಪ್ರಕಾಶನ ಸಂಸ್ಥೆಗಳು. ಒಬ್ಬರ ಡಿಕ್ಷನರಿಯಲ್ಲಿ ಇರುವ ಶಬ್ದ ಇನ್ನೊಬ್ಬರದ್ದರಲ್ಲಿ ಇಲ್ಲದೆ ಇರಬಹುದು. ಹಾಗಾಗಿ "ಡಿಕ್ಷನರಿಯಲ್ಲಿ ಇಲ್ಲ" ಎಂದು ಯಾರಾದರೂ ಹೇಳಿದರೆ, ಯಾವ ಡಿಕ್ಷನರಿಯಲ್ಲಿ ಎಂದು ವಿನಯದಿಂದ ಕೇಳಬಹುದು.

ಈ ಸಂಸ್ಥೆಗಳ ಸಂಪಾದಕರು ಸಭೆ ಸೇರಿ ಶಬ್ದಕ್ಕೆ ಅನುಮತಿ ಕೊಡುವವರಲ್ಲ. ಅವರು ಸಾಕ್ಷಿ ಕೂಡಿಸುವವರು. ಕೋರ್ಟಿನಲ್ಲಿ ಇರುವಂತೆಯೇ. ಈ ಶಬ್ದವನ್ನು ಯಾರು, ಯಾವಾಗ, ಎಲ್ಲಿ, ಯಾವ ವಾಕ್ಯದಲ್ಲಿ ಬಳಸಿದರು? ಅದಕ್ಕೆ ಬರಹದಲ್ಲಿ ಪುರಾವೆ ಎಲ್ಲಿದೆ? ಅಷ್ಟೇ ಅವರು ಕೇಳುವುದು.

ಈ ಪದ್ಧತಿಯನ್ನು ಗಟ್ಟಿ ಮಾಡಿದವರು ಜೇಮ್ಸ್ ಮರ್ರೆ. ಸ್ಕಾಟ್ಲೆಂಡಿನ ಹಳ್ಳಿಯೊಂದರ ದರ್ಜಿಯ ಮಗ. ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟವರು, ಆಮೇಲೆ ತಾವೇ ಓದಿಕೊಂಡು ಮಾಷ್ಟ್ರಾದರು. 1879ರಲ್ಲಿ ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿನ ಕೆಲಸ ಅವರ ಕೈಗೆ ಬಂತು. ತಗಡಿನ ಒಂದು ಶೆಡ್ ಕಟ್ಟಿಸಿ ಅದರೊಳಗೆ ಕೂತರು. ಓದುವವರೆಲ್ಲ ನೆರವಾಗಿ ಎಂದು ಊರೂರಿಗೆ ಮನವಿ ಕಳುಹಿಸಿದರು. ಪುಸ್ತಕ ಓದುವಾಗ ವಿಶೇಷ ಶಬ್ದ ಕಂಡರೆ ಒಂದು ಚೀಟಿಯಲ್ಲಿ ಬರೆಯಬೇಕು. ಚೀಟಿ 6 ಇಂಚು ಉದ್ದ, 4 ಇಂಚು ಅಗಲ. ಮೇಲಿನ ಮೂಲೆಯಲ್ಲಿ ಶಬ್ದ, ಕೆಳಗೆ ಇಸವಿ, ಪುಸ್ತಕದ ಹೆಸರು, ಪುಟ, ಕೊನೆಗೆ ಆ ಶಬ್ದ ಇರುವ ಇಡೀ ವಾಕ್ಯ. ಇಂಥ ಚೀಟಿಗಳು ಲಕ್ಷಗಟ್ಟಲೆ ಬಂದವು. ಮರ್ರೆಯವರಿಗೆ ಹನ್ನೊಂದು ಮಕ್ಕಳು. ಕೈಖರ್ಚಿನ ಕಾಸಿಗೆ ಅವರೂ ಕೂತು ಚೀಟಿಗಳನ್ನು ಅಕ್ಷರದ ಕ್ರಮದಲ್ಲಿ ಜೋಡಿಸುತ್ತಿದ್ದರು. ಕಾಗದಗಳ ರಾಶಿ ನೋಡಿ ಅಂಚೆಯವರು ಅವರ ಮನೆಯ ಎದುರಿಗೇ ಒಂದು ಕೆಂಪು ಡಬ್ಬಿ ನೆಟ್ಟರು. ಅದು ಈಗಲೂ ಅಲ್ಲೇ ಇದೆ.

ಕೆಲಸ ಹತ್ತು ವರ್ಷದಲ್ಲಿ ಮುಗಿಯಬೇಕಿತ್ತು. ಐದು ವರ್ಷ ಕಳೆದು 1884ರಲ್ಲಿ ಮೊದಲ ಕಂತು ಅಚ್ಚಾದಾಗ ಎ ಅಕ್ಷರದಲ್ಲಿ ‘ಆಂಟ್’ ತನಕ, ಅಂದರೆ ಇರುವೆಯ ತನಕ ಬಂದಿದ್ದರು. ಪೂರ್ತಿ ಮುಗಿದದ್ದು 1928ರಲ್ಲಿ. ಮರ್ರೆ ಅದಕ್ಕಿಂತ 13 ವರ್ಷ ಮೊದಲೇ ತೀರಿಕೊಂಡಿದ್ದರು. ಇಷ್ಟೆಲ್ಲ ಜೋಪಾನ ಮಾಡಿದರೂ ಒಂದು ಶಬ್ದದ ಚೀಟಿಗಳು ಕಳೆದುಹೋದವು. ‘ಬಾಂಡ್‌ಮೇಡ್’, ಎಂದರೆ ದಾಸಿ. ಚೀಟಿ ಇಲ್ಲವೆಂದು ಶಬ್ದವೇ ಬಿಟ್ಟುಹೋಯಿತು. ಮತ್ತೆ ಅದು ನಿಘಂಟಿನೊಳಗೆ ಬರಲು 1933ರ ಪುರವಣಿಯೇ ಬೇಕಾಯಿತು. ಬಾಯಲ್ಲಿ ಎಷ್ಟು ಓಡಾಡಿದರೂ ಸಾಕ್ಷಿಯ ಕಾಗದ ಇಲ್ಲದಿದ್ದರೆ ನಿಘಂಟಿನಲ್ಲಿ ಜಾಗ ಇಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೋ, ನಿನ್ನ ಸುರಂಗದ ವಿಷಯದಲ್ಲಿ ಬೇಕಾಗುತ್ತದೆ.

ಈಗ ಚೀಟಿಗಳ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಪತ್ರಿಕೆ, ಪುಸ್ತಕ, ಜಾಲತಾಣಗಳ ಕೋಟಿಗಟ್ಟಲೆ ವಾಕ್ಯಗಳನ್ನು ಒಂದೆಡೆ ಹಾಕಿ ಹುಡುಕುತ್ತಾರೆ. ಆದರೆ ಕೇಳುವ ಪ್ರಶ್ನೆಗಳು ಹಳೆಯವೇ. ಒಬ್ಬನೇ ಮನುಷ್ಯ ಬಳಸಿದ್ದಾ, ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಹಲವರು ಬಳಸಿದ್ದಾರಾ? ಒಂದು ಮಳೆಗಾಲದ ಶಬ್ದವಾ, ವರ್ಷಗಟ್ಟಲೆ ಬಾಳಿದೆಯಾ? ನನಗೆ ಬಹಳ ಇಷ್ಟವಾದದ್ದು ಮೂರನೆಯ ಪ್ರಶ್ನೆ. ಬರೆದವನು ಅರ್ಥ ಬಿಡಿಸಿ ಹೇಳಿದ್ದಾನಾ, ಹೇಳದೆಯೇ ಮುಂದೆ ಹೋಗಿದ್ದಾನಾ? ಇಡ್ಲಿ ಎಂದು ಬರೆದು ಪಕ್ಕದಲ್ಲಿ ‘ಅಕ್ಕಿ ಉದ್ದು ಅರೆದು ಹಬೆಯಲ್ಲಿ ಬೇಯಿಸಿದ್ದು’ ಎಂದು ವಿವರಿಸಿದರೆ ಶಬ್ದ ಇನ್ನೂ ನೆಂಟರಂತೆ ಚಾವಡಿಯಲ್ಲೇ ಕೂತಿದೆ ಎಂದು ಅರ್ಥ. ವಿವರಣೆ ಬಿಟ್ಟು ಸುಮ್ನೆ ‘ಎರಡು ಇಡ್ಲಿ ತಿಂದೆ’ ಎಂದು ಬರೆದರೆ ಅದು ಅಡುಗೆಮನೆಗೇ ಬಂತು. ಸಂಪಾದಕರು ಕಾಯುವುದು ಈ ಎರಡನೇ ಬಗೆಯ ವಾಕ್ಯಕ್ಕೆ.

ಕೆಲವು ಶಬ್ದಗಳಿಗೆ ಕಾಯಬೇಕಾಗಿಯೇ ಬರುವುದಿಲ್ಲ. 2020ರ ಫೆಬ್ರವರಿ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್-19 ಎಂಬ ಹೆಸರಿಟ್ಟಿತು. ಮುಂದಿನ ತಿಂಗಳಲ್ಲೇ ಮೆರಿಯಮ್-ವೆಬ್‌ಸ್ಟರ್ ಅದನ್ನು ಸೇರಿಸಿತು. ಇಡೀ ಲೋಕ ಬೆಳಗ್ಗೆ ಎದ್ದರೆ ಅದೇ ಶಬ್ದ ಹೇಳುತ್ತಿತ್ತಲ್ಲ. ನಮ್ಮ ಆಧಾರ್ ಕೂಡ ಅದೇ ವರ್ಷ ಆಕ್ಸ್‌ಫರ್ಡ್‌ನವರು ಕಲಿಯುವವರಿಗಾಗಿ ತರುವ ಡಿಕ್ಷನರಿಗೆ ಹೋಯಿತು.

ಸುರಂಗಕ್ಕೆ ಇರುವ ತೊಡಕು ಎರಡು. ನೀರಿನ ಬಗ್ಗೆ ಅಧ್ಯಯನ ಮಾಡಿದವರು ಇಂಗ್ಲಿಷಿನಲ್ಲಿ ಈ ಶಬ್ದವನ್ನು ಬಳಸಿದ್ದಾರೆ, ಅದೇ ಒಂದು ಸಂತೋಷ. ಆದರೆ ಒಬ್ಬರು ಸುರಂಗ ಎನ್ನುತ್ತಾರೆ, ಇನ್ನೊಬ್ಬರು ಸುರಂಗಂ, ಮತ್ತೊಬ್ಬರು ಮಲಯಾಳದ ರೀತಿಯಲ್ಲಿ ತುರಂಗಂ. ಸಾಕ್ಷಿಗಳು ಮೂರು ಹೆಸರಿಗೆ ಹಂಚಿಹೋಗುತ್ತವೆ. ಮತ್ತೆ, ನಾನು ಓದಿದ ಹೆಚ್ಚಿನ ಬರಹಗಳಲ್ಲಿ ಶಬ್ದದ ಬೆನ್ನಿಗೇ ವಿವರಣೆ ಬರುತ್ತದೆ. ಶಬ್ದ ಚಾವಡಿಯಲ್ಲೇ ಇದೆ.

ಅರ್ಜಿ ಹಾಕಬಹುದು. ಹೊಸ ಶಬ್ದ ಸೂಚಿಸಲು ಆಕ್ಸ್‌ಫರ್ಡ್‌ನವರ ಜಾಲತಾಣದಲ್ಲೇ ಅವಕಾಶ ಇದೆ, ಯಾರು ಬೇಕಾದರೂ ಕಳುಹಿಸಬಹುದು. ಸಹಿ ಸಂಗ್ರಹಿಸಿ ಕಳುಹಿಸಿದರೆ ಮಾತ್ರ ಏನೂ ಪ್ರಯೋಜನ ಇಲ್ಲ. ಎಲ್ಲಿ ಅಚ್ಚಾಗಿದೆ, ಯಾವ ವರ್ಷ, ವಾಕ್ಯ ಏನು, ಇದನ್ನು ಕೊಡು. ಅದಕ್ಕಿಂತ ದೊಡ್ಡ ಕೆಲಸ ನೀನು ಪ್ರಬಂಧದಲ್ಲಿ ಆಗಲೇ ಮಾಡಿದ್ದೀಯ. ಸುರಂಗವನ್ನು ಸುರಂಗ ಎಂದೇ ಇಂಗ್ಲಿಷಿನಲ್ಲಿ ಬರೆಯುವುದು. ನಾಳೆ ನೀನು ಇಂಜಿನಿಯರೋ ಪತ್ರಕರ್ತೆಯೋ ಆದಾಗಲೂ ಹಾಗೇ ಬರೆ.

ಅಂಕ ಹೋದದ್ದಕ್ಕೆ ಬೇಜಾರು ಮಾಡಬೇಡ. ನನಗೂ ಹಾಗೆ ಆಗಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪರೀಕ್ಷೆ ಎರಡು ದಿನ ಮೊದಲೇ ನಡೆಯುತ್ತದೆ ಎಂದು ನೋಟಿಸಿನಲ್ಲಿ ‘ಪ್ರಿಪೋನ್’ ಎಂದು ಬರೆದಿದ್ದೆ. ಮೇಲಿನವರೊಬ್ಬರು ಕೆಂಪು ಶಾಯಿಯಲ್ಲಿ ಅಡ್ಡ ಗೆರೆ ಎಳೆದು, ಇಂಗ್ಲಿಷ್ ಬಾರದವರು ಇಂಗ್ಲಿಷ್ ಕಲಿಸುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಹೇಳಿದರು. ಆ ಮಾತು ತುಂಬ ವರ್ಷ ಚುಚ್ಚುತ್ತಿತ್ತು. ಈಗ ಆಕ್ಸ್‌ಫರ್ಡ್‌ನಲ್ಲಿ ಪ್ರಿಪೋನ್ ಇದೆ. ಭಾರತದ ಬಳಕೆ ಎಂದು ಗುರುತು ಹಾಕಿದ್ದಾರೆ. ಅದರ ಹಳೆಯ ಸಾಕ್ಷಿಗಳಲ್ಲಿ ಒಂದು 1913ರಲ್ಲಿ ನ್ಯೂಯಾರ್ಕಿನ ಪತ್ರಿಕೆಗೆ ಓದುಗರೊಬ್ಬರು ಬರೆದ ಕಾಗದ. ಅಮೆರಿಕದಲ್ಲಿ ಬೇರು ಹಿಡಿಯದ ಶಬ್ದ ನಮ್ಮ ಶಾಲೆ, ಆಫೀಸುಗಳಲ್ಲಿ ಬದುಕಿತು. ಬಳಸಿದವರು ಬಳಸುತ್ತಲೇ ಇದ್ದರು, ಅದಕ್ಕೇ ಉಳಿಯಿತು.

ಇನ್ನೊಂದು ಮಾತು ಹೇಳದೆ ಮನಸ್ಸು ಕೇಳದು. ಸುರಂಗ ನಮಗೆ ಸಂಸ್ಕೃತದ ‘ಸುರುಂಗಾ’ದಿಂದ ಬಂತು. ಸಂಸ್ಕೃತಕ್ಕೆ ಅದು ಗ್ರೀಕಿನ ‘ಸಿರಿಂಕ್ಸ್’ನಿಂದ ಬಂದದ್ದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಸಿರಿಂಕ್ಸ್ ಎಂದರೆ ಕೊಳವೆ, ಕೊಳಲು. ಡಾಕ್ಟರರ ಕೈಯ ಸಿರಿಂಜ್ ಕೂಡ ಅದೇ ಗ್ರೀಕ್ ಮನೆಯದು. ಅಂದರೆ ಅಂಕ ಕಳೆಸಿದ ನಿನ್ನ ಶಬ್ದದ ದಾಯಾದಿ ಇಂಗ್ಲಿಷ್ ಡಿಕ್ಷನರಿಯಲ್ಲಿ ಮೊದಲೇ ಕೂತಿದೆ!

ಪ್ರಶ್ನೆ: ‘ಅಯ್ಯೋ’ ಎಂಬ ಕನ್ನಡ ಶಬ್ದ ಆಕ್ಸ್‌ಫರ್ಡ್‌ಗೆ ಸೇರಿದೆಯಂತೆ, ನಿಜವೇ? ನಮ್ಮ ಕಡೆಯಿಂದ ಇಂಗ್ಲಿಷಿಗೆ ಹೋದ ಬೇರೆ ಶಬ್ದಗಳು ಇವೆಯೇ?
– ಪದವಿ ವಿದ್ಯಾರ್ಥಿ, ಮಂಜೇಶ್ವರ

ಉತ್ತರ: ಸೇರಿರುವುದು ನಿಜ, 2016ರಲ್ಲಿ. ಆದರೆ ಅದು ನಮ್ಮದೊಂದೇ ಶಬ್ದ ಅಲ್ಲ. ತಮಿಳರೂ ಮಲಯಾಳಿಗಳೂ ಸಿಂಹಳದವರೂ ಅಯ್ಯೋ ಎನ್ನುತ್ತಾರೆ, ಸಿಂಗಾಪುರದ ತನಕ ಅದು ಕೇಳಿಸುತ್ತದೆ. ಅಷ್ಟು ಕಡೆ ಇಂಗ್ಲಿಷ್ ಬರಹದೊಳಗೆ ನುಸುಳಿದ್ದಕ್ಕೇ ಜಾಗ ಸಿಕ್ಕಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಭಾರತದ ಭಾಷೆಗಳ ಸುಮಾರು 70 ಶಬ್ದಗಳು ಒಟ್ಟಿಗೆ ಹೋದವು. ಅವುಗಳಲ್ಲಿ ಅಣ್ಣನೂ ಇದ್ದಾನೆ. ಆ ದೊಡ್ಡ ನಿಘಂಟನ್ನು ಈಗ ಮೂರು ತಿಂಗಳಿಗೊಮ್ಮೆ ಪರಿಷ್ಕರಿಸುತ್ತಾರೆ.

ಹಳೆಯವು ಬೇಕಾದರೆ ನಿಮ್ಮ ತೋಟಕ್ಕೇ ಇಳಿಯಿರಿ. ಇಂಗ್ಲಿಷಿನ ಅರೆಕಾ ನಮ್ಮ ಅಡಿಕೆ, ಮಲಯಾಳದ ಅಡಯ್ಕ. ಕೊಪ್ರಾ ಎಂದರೆ ಕೊಬ್ಬರಿ. ಕಾಯರ್ ಎಂದರೆ ತೆಂಗಿನ ನಾರಿನ ಹಗ್ಗ, ಮಲಯಾಳದ ಕಯರ್. ಹಲಸಿಗೆ ಜಾಕ್ ಎನ್ನುವುದು ಚಕ್ಕದಿಂದ. ಇವನ್ನೆಲ್ಲ ಸಾಗಿಸಿದವರು ಪೋರ್ಚುಗೀಸರು. ಹಡಗಿಗೆ ಸರಕು ತುಂಬುವಾಗ ಹೆಸರನ್ನೂ ಕೇಳಿಕೊಂಡು ಹೋದರು. ಅವರು ಕೇಳಿದ್ದು ಮಲಬಾರಿನ ಬಂದರುಗಳಲ್ಲಿ, ಹಾಗಾಗಿ ನಿಘಂಟುಗಳಲ್ಲಿ ಮಲಯಾಳದ ಹೆಸರು ಜಾಸ್ತಿ ಕಾಣುತ್ತದೆ. ಇದಕ್ಕೆ ಕನ್ನಡಿಗರು ಬೇಸರ ಪಡಬೇಕಾಗಿಲ್ಲ. ಒಂದೇ ಅಂಗಳದಲ್ಲಿ ಒಣಗಿದ ಅಡಿಕೆ ಅಲ್ವಾ?

ಬೆಲ್ಲಕ್ಕೆ ಜಾಗರಿ ಎನ್ನುತ್ತಾರಲ್ಲ, ಅದರದ್ದು ಇನ್ನೂ ಚಂದದ ಕಥೆ. ಸಂಸ್ಕೃತದ ಶರ್ಕರಾ ಮಲಯಾಳದಲ್ಲಿ ಚಕ್ಕರ ಆಯಿತು, ಪೋರ್ಚುಗೀಸರ ಬಾಯಿಗೆ ಹೋಗಿ ಜಾಗರಿಯಾಯಿತು. ಅದೇ ಶರ್ಕರಾ ಪರ್ಷಿಯ, ಅರಬ್ ದಾರಿಯಾಗಿ ಸುತ್ತಿಕೊಂಡು ಹೋಗಿ ಶುಗರ್ ಆಯಿತು. ಒಂದೇ ತಾಯಿಯ ಇಬ್ಬರು ಮಕ್ಕಳು, ಒಬ್ಬರು ಕಡಲಿನಲ್ಲಿ, ಒಬ್ಬರು ನೆಲದಲ್ಲಿ ಹೊರಟು ಇಂಗ್ಲಿಷಿನಲ್ಲಿ ಮತ್ತೆ ಸೇರಿದ್ದಾರೆ. ಕಾಡುನಾಯಿಯ ಇಂಗ್ಲಿಷ್ ಹೆಸರು ಧೋಲ್. ಅದು ಕನ್ನಡದ ತೋಳದಿಂದ ಬಂದಿರಬಹುದು ಎಂದು ಮೆರಿಯಮ್-ವೆಬ್‌ಸ್ಟರ್ ಹೇಳುತ್ತದೆ, ‘ಬಹುಶಃ’ ಎಂಬ ಮಾತು ಸೇರಿಸಿ. ಆ ‘ಬಹುಶಃ’ವನ್ನು ನೀವೂ ಬಿಡಬೇಡಿ. ಪುರಾವೆ ಇದ್ದಷ್ಟೇ ಹೇಳುವ ಆ ಗುಣಕ್ಕಾಗಿಯೇ ನಾನು ನಿಘಂಟುಗಳನ್ನು ನಂಬುವುದು.

ನಮ್ಮ ಜಿಲ್ಲೆಯ ಮಟ್ಟಿಗೆ ಒಂದು ಹೆಸರು ನೆನಪಿಡಿ. ಆರ್ಥರ್ ಬರ್ನೆಲ್. 1956ರ ತನಕ ಕಾಸರಗೋಡು ದಕ್ಷಿಣ ಕನ್ನಡಕ್ಕೆ ಸೇರಿತ್ತಲ್ಲ, ಬ್ರಿಟಿಷರ ಕಾಲದಲ್ಲಿ ಆ ದಕ್ಷಿಣ ಕನ್ನಡದ ಮಂಗಳೂರಿನಲ್ಲಿ ಅವರು ಜಡ್ಜ್ ಆಗಿದ್ದರು. ತುಳುವರ ಭೂತಾರಾಧನೆಯಲ್ಲಿ ಹಾಡುವ ಕಥನಗೀತೆಗಳನ್ನು, ಅಂದರೆ ಪಾಡ್ದನಗಳನ್ನು ಬರೆಸಿಕೊಂಡವರು. ಅವರೂ ಹೆನ್ರಿ ಯೂಲ್ ಎಂಬವರೂ ಸೇರಿ ಭಾರತದಲ್ಲಿದ್ದ ಇಂಗ್ಲಿಷರ ಬಾಯಿಗೆ ಬಂದ ನಮ್ಮ ಶಬ್ದಗಳನ್ನೆಲ್ಲ ಕೂಡಿಸಿ ಹಾಬ್ಸನ್-ಜಾಬ್ಸನ್ ಎಂಬ ನಿಘಂಟು ಮಾಡಿದರು. 1886ರಲ್ಲಿ ಅದು ಅಚ್ಚಾಗುವಾಗ ಬರ್ನೆಲ್ ಇರಲಿಲ್ಲ, ನಾಲ್ಕು ವರ್ಷ ಮೊದಲೇ ತೀರಿಕೊಂಡಿದ್ದರು. ಆಕ್ಸ್‌ಫರ್ಡ್‌ನ ನಿಘಂಟು ಭಾರತದ ಶಬ್ದಗಳಿಗೆ ಆ ಪುಸ್ತಕವನ್ನು ಮತ್ತೆ ಮತ್ತೆ ಉದ್ಧರಿಸುತ್ತದೆ.

ಪ್ರಶ್ನೆ: ಬಳಕೆ ತಪ್ಪಿದ ಶಬ್ದಗಳನ್ನು ಡಿಕ್ಷನರಿಯಿಂದ ತೆಗೆದುಹಾಕುತ್ತಾರೆಯೇ?
– ನಿವೃತ್ತ ನೌಕರರು, ಕುಂಬಳೆ

ಉತ್ತರ: ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟು ತೆಗೆಯುವುದಿಲ್ಲ. ಒಮ್ಮೆ ಒಳಗೆ ಬಂದ ಶಬ್ದ ಸತ್ತರೂ ಅಲ್ಲೇ ಇರುತ್ತದೆ, ಬಳಕೆ ತಪ್ಪಿದೆ ಎಂದು ಗುರುತು ಹಾಕುತ್ತಾರೆ. ಚಿಕ್ಕ ಡಿಕ್ಷನರಿಗಳಿಗೆ ಪುಟಗಳ ಮಿತಿ ಇರುವುದರಿಂದ ತೆಗೆಯುತ್ತಾರೆ. ಆಕ್ಸ್‌ಫರ್ಡ್‌ನ ಜೂನಿಯರ್ ಡಿಕ್ಷನರಿಯ 2007ರ ಆವೃತ್ತಿಯಲ್ಲಿ ಓಕ್ ಮರದ ಕಾಯಿ, ನೀರುನಾಯಿ, ಮಿಂಚುಳ್ಳಿ ಇವುಗಳ ಹೆಸರುಗಳು ಹೋಗಿ ಬ್ಲಾಗ್, ಬ್ರಾಡ್‌ಬ್ಯಾಂಡ್ ಬಂದವು. ಅದು ಸರಿಯಲ್ಲ ಎಂದು 2015ರಲ್ಲಿ 28 ಮಂದಿ ಲೇಖಕರು ಕಾಗದ ಬರೆದರು. ನಾನೂ ಅವರ ಪಕ್ಷ. ಬ್ರಾಡ್‌ಬ್ಯಾಂಡ್ ಎಂಬುದನ್ನು ಮಗು ಎಲ್ಲಿ ಬೇಕಾದರೂ ಕಲಿಯುತ್ತದೆ. ಹೊಳೆಯ ಬದಿಯಲ್ಲಿ ಕೂತ ಹಕ್ಕಿಯ ಹೆಸರು ಹೇಳಿಕೊಡುವವರು ಮನೆಯಲ್ಲೂ ಇಲ್ಲ, ಪುಸ್ತಕದಲ್ಲೂ ಇಲ್ಲ ಎಂದಾದರೆ?

ಪ್ರಶ್ನೆ: ಡಿಕ್ಷನರಿಯಲ್ಲೇ ತಪ್ಪು ಬರುವುದುಂಟೇ?
– ಪುಸ್ತಕದಂಗಡಿಯವರು, ಕಾಸರಗೋಡು

ಉತ್ತರ: ಉಂಟು. 1934ರ ವೆಬ್‌ಸ್ಟರ್ ದೊಡ್ಡ ಡಿಕ್ಷನರಿಯಲ್ಲಿ ‘ಡಾರ್ಡ್’ ಎಂಬ ಶಬ್ದ ಅಚ್ಚಾಯಿತು. ಅರ್ಥ ಸಾಂದ್ರತೆ. ಅಂಥ ಶಬ್ದ ಲೋಕದಲ್ಲೇ ಇಲ್ಲ. ರಸಾಯನಶಾಸ್ತ್ರದ ಸಂಪಾದಕರು ಒಂದು ಚೀಟಿಯಲ್ಲಿ, ಸಾಂದ್ರತೆಗೆ ದೊಡ್ಡ ಡಿ ಅಥವಾ ಚಿಕ್ಕ ಡಿ ಎಂಬ ಸಂಕ್ಷೇಪ ಇದೆ ಎಂದು ಬರೆದಿದ್ದರು. ಇಂಗ್ಲಿಷಿನಲ್ಲಿ ‘ಅಥವಾ’ ಎಂದರೆ ‘ಆರ್’ ಅಲ್ವಾ? ‘ಡಿ ಆರ್ ಡಿ’ ಎಂಬುದನ್ನು ಯಾರೋ ಒಟ್ಟಿಗೆ ಓದಿಕೊಂಡರು. ಐದು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 1939ರಲ್ಲಿ ಒಬ್ಬ ಸಂಪಾದಕರಿಗೆ, ಈ ಶಬ್ದ ಎಲ್ಲಿಂದ ಬಂತು ಎಂದು ಬರೆದೇ ಇಲ್ಲವಲ್ಲ ಎಂದು ಅನುಮಾನ ಬಂತು. ಹಳೆಯ ಚೀಟಿ ಹುಡುಕಿ ತೆಗೆದಾಗ ಗುಟ್ಟು ತಿಳಿಯಿತು. ಚೀಟಿಗಳನ್ನು ಬಿಸಾಡದೆ ಇಟ್ಟದ್ದರ ಬೆಲೆ ಅದು.

ಪ್ರಶ್ನೆ: ನಮ್ಮ ಅತ್ತೆ ಹೇಳುವ ಸಾಂತಾಣಿ, ಉಪ್ಪುಸೊಳೆ, ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಇವೆಲ್ಲ ನನ್ನ ಮಕ್ಕಳಿಗೆ ಗೊತ್ತಿಲ್ಲ. ಶಾಲೆಯಲ್ಲಿ ಮಲಯಾಳ, ಮೊಬೈಲಿನಲ್ಲಿ ಇಂಗ್ಲಿಷ್. ಇಂಥ ಶಬ್ದಗಳನ್ನು ಬರೆದಿಡುವ ಕ್ರಮ ಹೇಗೆ?
– ಗೃಹಿಣಿ, ಪೆರ್ಲ

ಉತ್ತರ: ಅಕ್ಕಾ, ಈ ಪ್ರಶ್ನೆಗಾಗಿ ನಾನು ಕಾಯುತ್ತಿದ್ದೆ. ನನ್ನ ಮೇಜಿನ ಮೇಲೆ ಒಂದು ಹಳೆಯ ಬಿಸ್ಕತ್ ಡಬ್ಬಿ ಇದೆ. ಅದರ ತುಂಬ ಮದುವೆ ಕಾಗದಗಳನ್ನು ಕತ್ತರಿಸಿ, ಖಾಲಿ ಬದಿಯಲ್ಲಿ ಬರೆದ ಚೀಟಿಗಳು. ಒಂದನ್ನು ಇದ್ದ ಹಾಗೇ ಕೊಡುತ್ತೇನೆ. "ಸಾಂತಾಣಿ. ಹಲಸಿನ ಬೇಳೆ ಉಪ್ಪು ಹಾಕಿ ಬೇಯಿಸಿ ಒಣಗಿಸಿದ್ದು. ಅಮ್ಮ ಹೇಳಿದ್ದು: ‘ಮಳೆ ಹಿಡಿಯುವ ಮೊದಲು ಸಾಂತಾಣಿ ಗಲಗಲ ಒಣಗಬೇಕು, ಇಲ್ಲದಿದ್ದರೆ ಬೂಸರು ಬರ್ತದೆ.’ ಮೇ ತಿಂಗಳು, ಅಂಗಳದಲ್ಲಿ." ಆ ‘ಗಲಗಲ’ ಇದೆಯಲ್ಲ, ಚೀಟಿಯಲ್ಲಿ ಬೆಲೆ ಇರುವುದು ಅದಕ್ಕೆ. ಅರ್ಥವನ್ನಷ್ಟೇ ಬರೆದಿದ್ದರೆ ಒಣಗಿದ ಬೇಳೆಯ ಸದ್ದು ಹೋಗುತ್ತಿತ್ತು. ಅಮ್ಮ ಈಗ ಇಲ್ಲ. ಆ ವಾಕ್ಯ ಇದೆ.

ಬರಹ ಕಡಿಮೆ ಇರುವ ಭಾಷೆಗೆ ಪುಸ್ತಕದ ಸಾಕ್ಷಿ ಕೇಳಿದರೆ ನಿಘಂಟೇ ಆಗದು. ತುಳು ನಿಘಂಟು ಮಾಡಿದವರು ಇದನ್ನು ಚೆನ್ನಾಗಿ ತಿಳಿದಿದ್ದರು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 6 ಸಂಪುಟಗಳಲ್ಲಿ ಬಂದ ಆ ನಿಘಂಟಿಗೆ ಊರೂರಿನ, ಜಾತಿಜಾತಿಯ ಮಾತನ್ನೂ ಪಾಡ್ದನಗಳನ್ನೂ ಕೇಳಿ ಶಬ್ದ ಕೂಡಿಸಿದರು. ಅದಕ್ಕಿಂತ ನೂರು ವರ್ಷ ಮೊದಲು ಕಿಟೆಲ್ ಅವರು 1894ರ ತಮ್ಮ ಕನ್ನಡ ನಿಘಂಟಿನಲ್ಲಿ ಜನರ ಬಾಯಿಯ ಗಾದೆಗಳನ್ನೂ ಸಾಕ್ಷಿಯಾಗಿ ಇಟ್ಟುಕೊಂಡರು. ಹಾಗಾಗಿ ನಿಮ್ಮ ಅತ್ತೆಯ ಮಾತು ಸಾಕ್ಷಿಯಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಚೀಟಿ ಬರೆಯುವಾಗ ಅತ್ತೆಯವರನ್ನು "ಇದಕ್ಕೆ ಏನು ಹೇಳುತ್ತೀರಿ" ಎಂದು ಕೂರಿಸಿ ಕೇಳಬೇಡಿ. ಹಾಗೆ ಕೇಳಿದರೆ ಅವರು ಶಾಲೆಯ ಕನ್ನಡದಲ್ಲಿ ಉತ್ತರ ಕೊಡುತ್ತಾರೆ. ಕೆಲಸದ ಮಧ್ಯೆ ಬಾಯಿಂದ ಬಂದ ವಾಕ್ಯವನ್ನು ಹಾಗೇ ಹಿಡಿಯಿರಿ. ತಿಂಗಳು ಬರೆಯಿರಿ, ಅವರ ತವರು ಯಾವ ಊರೆಂದು ಬರೆಯಿರಿ. ಪೆರ್ಲದವರಿಗೂ ಮುಳ್ಳೇರಿಯದವರಿಗೂ ಒಂದೇ ವಸ್ತುವಿಗೆ ಬೇರೆ ಬೇರೆ ಹೆಸರು ಇರಬಹುದು. ಈ ಸಲ ಹಲಸಿನ ಕಾಲದಲ್ಲಿ ಅವರು ಭರಣಿಗೆ ಸೊಳೆ ತುಂಬಿ ಉಪ್ಪು ಹಾಕುವಾಗ ಹತ್ತಿರ ಕೂತುಕೊಳ್ಳಿ. ಸೊಳೆ ಮೇಲೆ ಏಳದ ಹಾಗೆ ಭಾರಕ್ಕೆ ಒಂದು ಕಲ್ಲು ಇಡುತ್ತಾರಲ್ಲ, ಅದಕ್ಕೆ ಅವರ ತವರಿನಲ್ಲಿ ಏನೆನ್ನುತ್ತಾರೆ ಎಂದು ನನಗೆ ಬರೆದು ಕಳುಹಿಸಿ.